ನಾಗಜ್ಜಿ ಕರೆದಾಗ ಓ ಅಂದವರು

ಮಂಗಲಾ ತನ್ನ ಅತ್ತೆ ನಾಗಿಯನ್ನು ಹಿಂದಿನ ಕೋಣೆಯೊಳಗೆ ಕೂರಿಸಿ ಹೊರಗಿನಿಂದ ಚಿಲಕ ಹಾಕಿದಳು. ಚಿಲಕ ತಂದುಕೊಟ್ಟವನು ನಾಗಿಯ ಹಿರಿಮಗ ಪ್ರಕಾಶ. ಅದನ್ನು ಬಾಗಿಲಿಗೆ ಕೂರಿಸಿದವನು ಕಿರಿಮಗ, ಮಂಗಲಾಳ ಗಂಡ ಮಾದೇವ. ಅಂಗಳದಲ್ಲಿ ನಿಂತು ನೋಡಿದವರು ಮಾವಿನಕುರ್ವೆಯ ಆ ಕೇರಿಯ ಜನ. ಯಾರೂ ಬೇಡ ಅನ್ನಲಿಲ್ಲ.

ಮಾರನೆಯ ದಿನ ಪ್ರಕಾಶ ಜಾಲಿಯ ತನ್ನ ಅಂಗಡಿಗೆ ಹೋದ. ಮಾದೇವ ಬೋಟಿನ ಕೆಲಸಕ್ಕೆ ಹೋದ. ಚಿಲಕ ಹಾಕುವ, ತೆಗೆಯುವ, ಮತ್ತೆ ಹಾಕುವ ಕೆಲಸ ಮಂಗಲಾಳ ಪಾಲಿಗೆ ಉಳಿಯಿತು. ಆಕೆ ಮನೆಯಲ್ಲೇ ರವಿಕೆ ಹೊಲಿಯುವವಳು. ಮಿಷನ್ನಿನ ಸದ್ದು ನಿಂತಾಗಲೆಲ್ಲ ಒಳಗಿನಿಂದ ಬಾಗಿಲು ಬಡಿಯುವ ಸದ್ದು ಕೇಳುತ್ತಿತ್ತು. ಆಮೇಲೆ ಆಕೆ ಮಿಷನ್ ನಿಲ್ಲಿಸುವುದನ್ನೇ ಕಡಿಮೆ ಮಾಡಿದಳು.

ನಾಗಿ ಮಾಡಿದ್ದಾದರೂ ಏನು? ಮನೆ ಬಿಟ್ಟು ಹೊರಡುತ್ತಿದ್ದಳು, ಅಷ್ಟೇ. ಒಂದು ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಇನ್ನೊಂದು ದಿನ ನಡುಮಧ್ಯಾಹ್ನ, ಮತ್ತೊಂದು ದಿನ ಸಂಜೆ ದೀಪ ಹಚ್ಚುವ ಮೊದಲು. ಹೊತ್ತಿಲ್ಲ, ಗೊತ್ತಿಲ್ಲ. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿಕೊಂಡು, ಕೇರಿಯ ಒಂದೊಂದೇ ಮನೆಯ ಬೇಲಿಯ ಬಳಿ ನಿಂತು ಕೂಗುತ್ತಿದ್ದಳು.

"ಲಕ್ಕೀ... ನೀರಿಳೀತು, ಬಾರೇ! ಗಂಗೀ... ನೀರಿಳೀತು, ಬಾರೇ!"

ಲಕ್ಕಿ ಸತ್ತು ಎಷ್ಟೋ ಮಳೆಗಾಲ ಕಳೆದಿತ್ತು. ಗಂಗಿ ಅದಕ್ಕೂ ಮೊದಲೇ ಹೋಗಿದ್ದಳು. ಸತ್ತವರ ಹೆಸರು ಹಿಡಿದು ಬಾಗಿಲಲ್ಲಿ ಕೂಗಿದರೆ ಯಾರ ಎದೆ ಜುಂ ಅನ್ನುವುದಿಲ್ಲ? ಮೊದಲು ಗಲಾಟೆ ಎಬ್ಬಿಸಿದವಳು ಲಕ್ಕಿಯ ಮಗಳು ದೇವಕಿ, ಪಕ್ಕದ ಮನೆಯವಳು.

"ಮಂಗಲಾ, ನಿನ್ನತ್ತೆ ದಿನಾ ಬಂದು ನಮ್ಮ ಅಬ್ಬೆಯ ಹೆಸರು ಕರೀತಾಳೆ. ಕರದು ಸುಮ್ನೆ ಹೋತಾಳಾ? ಇಲ್ಲ. ಕಿವಿ ಕೊಟ್ಟು ನಿಂತ್ಕಂತಾಳೆ. ಒಳಗಿಂದ ಯಾರೋ ಓ ಅಂದೇ ಅಂತಾರೆ ಅಂಬೂ ಹಾಂಗೆ. ನನ್ನ ಮೊಮ್ಮಕ್ಕಳು ಅಂಗಳಕ್ಕೆ ಇಳೂಕೂ ಹೆದರ್ತಾವೆ."

"ನಾ ಎಂತ ಮಾಡ್ಲೇ ಮಾರಾಯ್ತಿ? ಒಲೆ ಮೇಲೆ ಅನ್ನ ಇಟ್ಟು ತಿರುಗೂದ್ರೊಳಗೆ ಇರೂದಿಲ್ಲ."

"ಇದು ನೀರಿನ ಕಡೆಯ ಗಾಳಿ. ಕೇಳ್ಸಿ ನೋಡು."

ಕೇಳಿಸಿದರು. ನೋಟ ನೋಡುವವನೊಬ್ಬ ಅಕ್ಕಿಕಾಳು ಎಣಿಸಿ, ನೀರಿನ ಕಡೆಯಿಂದ ಕರೆ ಬರುತ್ತಿದೆ, ಕರೆ ಬಂದಾಗ ಬಾಗಿಲು ಮುಚ್ಚಿರಬೇಕು ಎಂದ. ನಾಗಿಯ ತೋಳಿಗೆ ತಾಯಿತ ಬಂತು, ಬಾಗಿಲಿಗೆ ಚಿಲಕ ಬಂತು. ಕೇರಿ ನಿಟ್ಟುಸಿರು ಬಿಟ್ಟಿತು. ಒಬ್ಬ ಮುದುಕಿಯನ್ನು ಕೂಡಿಹಾಕಿದ ಮೇಲೆ ನಮಗೆಲ್ಲ ಎಷ್ಟು ಬೇಗ ನೆಮ್ಮದಿ ಬರುತ್ತದೆ!

ಮಂಗಲಾಳ ಮಗಳು, ನಾಗಿಯ ಮೊಮ್ಮಗಳು ರೇಖಾ ಹೊನ್ನಾವರದ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ರಜೆಯ ದಿನ ಮುರ್ಡೇಶ್ವರದ ಹೋಟೆಲುಗಳಲ್ಲಿ ಮದುವೆ ಆರ್ಕೆಸ್ಟ್ರಾಕ್ಕೆ ಹಾಡುತ್ತಿದ್ದಳು. ಮನೆಯಲ್ಲಿದ್ದ ದಿನ ಆಕೆ ಚಿಲಕ ತೆಗೆಯುತ್ತಿರಲಿಲ್ಲ. ತೆಗೆದರೆ ಅಮ್ಮ ಬೈಯುತ್ತಾಳೆ. ಆದರೆ ಬಾಗಿಲಿನ ಹೊರಗೆ, ನೆಲದ ಮೇಲೆ, ಬೆನ್ನು ಕೊಟ್ಟು ಕೂರುತ್ತಿದ್ದಳು.

ಒಳಗಿನ ಕಿಟಕಿ ಹೊಳೆಯ ಕಡೆಗಿತ್ತು. ನೀರಿನ ಬೆಳಕು ಕಿಟಕಿಯಿಂದ ಒಳಬಂದು, ಬಾಗಿಲಿನ ಸಂದಿಯಿಂದ ಹೊರಬಂದು, ರೇಖಾಳ ಪಾದದ ಮೇಲೆ ಕದಲುತ್ತಿತ್ತು. ಒಳಗೆ ಅಜ್ಜಿ ಬಡಿಯುವುದನ್ನು ನಿಲ್ಲಿಸಿ ಮೆಲ್ಲಗೆ ಕರೆಯತೊಡಗುತ್ತಿದ್ದಳು. ಕೂಗು ಸಣ್ಣದಾಗುತ್ತಾ ಆಗುತ್ತಾ ಒಂದು ಧಾಟಿಯಾಗುತ್ತಿತ್ತು. ಮೇಲೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ದೋಣಿ ದಡಕ್ಕೆ ತಾಗುವ ಹಾಗೆ ಇಳಿಯುವ ಧಾಟಿ. ಪ್ರತಿ ಕರೆಯ ನಂತರ ಒಂದು ಮೌನ. ಆ ಮೌನದ ಅಳತೆಯೂ ಪ್ರತಿ ಸಲ ಒಂದೇ. ಯಾರೋ ಉತ್ತರ ಕೊಡಲೆಂದು ಬಿಟ್ಟ ಜಾಗ ಅದು.

ರೇಖಾ ಆ ಧಾಟಿಯನ್ನು ಕುಮಟಾದ ನರೇಶನಿಗೆ ಗುನುಗಿ ತೋರಿಸಿದಳು. ನರೇಶ ಅದೇ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು. ಅವನ ಮನೆಯ ಅಟ್ಟದಲ್ಲಿ ಗೋಡೆಗೆ ಹಳೆಯ ಹಾಸಿಗೆಗಳನ್ನು ಕಟ್ಟಿ ಮಾಡಿಕೊಂಡ ಪುಟ್ಟ ಸ್ಟುಡಿಯೋ ಇತ್ತು.

"ಅಜ್ಜಿಯ ದನಿಯನ್ನೇ ರೆಕಾರ್ಡ್ ಮಾಡ್ಕ ಬಾರೇ, ಹಾಡಿಗೆ ಹಾಕುವಾ," ಎಂದ ನರೇಶ.

"ಬೇಡ. ಆಕೆಯ ಬಾಗಿಲಿಗೆ ಚಿಲಕ ಹಾಕಿದ್ದೇ ಸಾಕು, ದನೀನೂ ಡಬ್ಬಿಯಲ್ಲಿ ಹಾಕೂದು ಬೇಡ. ನಾನೇ ಹಾಡ್ತೆ."

"ಆತು ಮಾರಾಯ್ತಿ. ಆದ್ರೆ ಈ ಹಾಡಿಗೆ ಕೊನೆ ಎಲ್ಲದೆ? ಕರೆ ಮಾತ್ರ ಅದೆ."

"ನಂಗೂ ಗೊತ್ತಿಲ್ಲ. ಕೊನೆ ಸಿಗೂ ತನಕ ಹಾಂಗೇ ಇರ್ಲಿ."

ರೇಖಾ ಬರೆದದ್ದು ಇಷ್ಟೇ:

ನೀರಿಳೀತು ಬಾರೇ ಲಕ್ಕೀ, ನೀರಿಳೀತು ಬಾರೇ,
ಹೊಳೆಯ ಬೆನ್ನು ಕಾಣ್ತಾ ಅದೆ, ಬೆಳಕು ಮೊಣಕಾಲ ಮೇಲೆ.
ನನ್ನ ಹೆಸರೇ ನಂಗೆ ಮರೆತದೆ, ನಿನ್ನದೊಂದು ಉಳಿದದೆ,
ಯಾರಾದ್ರೂ ಒಮ್ಮೆ ಓ ಅನ್ನಿ, ಯಾರಾದ್ರೂ ಒಮ್ಮೆ...

ಅಲ್ಲಿಗೆ ನಿಲ್ಲುತ್ತಿತ್ತು. ನರೇಶನ ಕೀಬೋರ್ಡ್ ಆ ಖಾಲಿ ಜಾಗದಲ್ಲಿ ಸುಮ್ಮನೆ ತೇಲುತ್ತಿತ್ತು.

ಒಂದು ದಿನ ಆರೋಗ್ಯ ಕೇಂದ್ರದ ನರ್ಸ್ ವನಮಾಲಾ ಕೇರಿಗೆ ಬಂದಳು. ಸ್ವಸಹಾಯ ಸಂಘದ ಸಭೆಗೆ ಮಂಗಲಾ ಬರುವುದನ್ನೇ ನಿಲ್ಲಿಸಿದ್ದಾಳೆಂದು ಯಾರೋ ಹೇಳಿದ್ದರು. ರವಿಕೆಯ ಅಳತೆ ಕೊಡುವ ನೆಪ ಮಾಡಿಕೊಂಡು ನೇರ ಒಳಗೆ ಬಂದಳು. ಬಂದವಳಿಗೆ ಕಂಡದ್ದು ಚಿಲಕ.

"ಒಳಗೆ ಯಾರು?"

ಮಂಗಲಾ ತಲೆ ಎತ್ತಲಿಲ್ಲ. "ಅತ್ತೆ."

"ಹಗಲು ಪೂರಾ?"

"ಸಿಸ್ಟ್ರೇ, ನೀವೊಂದು ಹೇಳ್ಬೇಡಿ. ನಾ ಹೊಡೂದಿಲ್ಲ, ಬೈಯೂದಿಲ್ಲ. ಹೊತ್ತಿಗೆ ಸರಿಯಾಗಿ ಅನ್ನ ಕೊಡ್ತೆ. ಮೀನಿನ ಮುಳ್ಳು ತೆಗೆದು ಕೊಡ್ತೆ. ಆದ್ರೆ ಆಕೆಗೆ ಗಾಳಿ ಹಿಡಿದದೆ. ಹೊಳೆಗೆ ಹೋಗಿ ಬಿದ್ರೆ ಊರವ್ರು ಯಾರ ಕುತ್ತಿಗೆ ಹಿಡೀತ್ರು? ನಂದು."

ವನಮಾಲಾ ಮೋರೆ ಗಂಟಿಕ್ಕಲಿಲ್ಲ. ಹೊಲಿಗೆ ಮಿಷನ್ನಿನ ಪಕ್ಕ ಕುಳಿತು ಕೇಳಿದಳು. "ಅತ್ತೆ ಇತ್ತೀಚೆಗೆ ಮತ್ತೆಂತೆಂತ ಮಾಡ್ತಿದ್ರು, ಹೇಳು."

"ಸಾರಿಗೆ ಸಕ್ಕರೆ ಹಾಕ್ತಿದ್ರು. ಊಟ ಮಾಡಿ ಕೈ ತೊಳೆದು ಬಂದು, ನಂಗೆ ಅನ್ನ ಹಾಕಿಲ್ಲ ಅಂತಿದ್ರು. ನನ್ನ ಗಂಡ ಬಂದ್ರೆ 'ಯಾರೇ ಇಂವ' ಅಂತ ಕೇಳ್ತಿದ್ರು."

"ನೀರಿನ ಗಾಳಿಗೆ ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿ ಎಂತಕ್ಕೆ ಬೇಕು ಮಾರಾಯ್ತಿ? ಅದಕ್ಕೆ ನಿಮ್ಮನೆ ಸಾರು ಕೆಡಿಸೂದೇ ಕೆಲಸವಾ?"

ಮಂಗಲಾಳಿಗೆ ನಗು ಬಂತು. ಬಂದ ನಗು ಅಳುವಾಯಿತು. ಎಷ್ಟೋ ತಿಂಗಳಿಂದ ಆಕೆಯ ಜೊತೆ ಯಾರೂ ಕುಳಿತು ಮಾತಾಡಿರಲಿಲ್ಲ.

"ನೋಡು ತಂಗಿ," ಎಂದಳು ವನಮಾಲಾ, "ಇದು ಮೆದುಳಿನ ಕಾಯಿಲೆ ಇರಬಹುದು. ಮರೆವಿನ ಕಾಯಿಲೆ. ಡಾಕ್ಟ್ರು ಡಿಮೆನ್ಶಿಯಾ ಅಂತಾರೆ. ವಯಸ್ಸಾದವರೆಲ್ಲ ಕನ್ನಡಕ ಎಲ್ಲಿಟ್ಟೆ ಅಂತ ಮರೀತಾರೆ. ಅದು ಬೇರೆ. ಕನ್ನಡಕ ಎಂತಕ್ಕೆ ಅಂಬೂದೇ ಮರೆತ್ರೆ ಅದು ಕಾಯಿಲೆ. ದೇವರ ಸಿಟ್ಟೂ ಅಲ್ಲ, ದೆವ್ವದ ಕಾಟವೂ ಅಲ್ಲ, ಮುದುಕಿಯ ಹಟವೂ ಅಲ್ಲ."

"ಗುಳಿಗೆ ಕೊಟ್ರೆ ಹೋತದ್ಯಾ?"

"ಸುಳ್ಳು ಹೇಳೂದಿಲ್ಲ. ಹೆಚ್ಚಿನವರಿಗೆ ಪೂರಾ ಹೋಗೂದಿಲ್ಲ. ಆದ್ರೆ ಥೈರಾಯ್ಡ್ ಇದ್ರೂ ಮರೆವು ಬತ್ತದೆ, ಬಿ ಹನ್ನೆರಡು ಕಮ್ಮಿ ಆದ್ರೂ ಬತ್ತದೆ, ಮನಸ್ಸು ಕುಗ್ಗಿದ್ರೂ ಬತ್ತದೆ. ಅವಕ್ಕೆಲ್ಲ ಔಷಧಿ ಅದೆ. ಯಾವುದು ಅಂತ ನೋಡದೆ ಚಿಲಕ ಹಾಕಿದ್ರೆ ಹ್ಯಾಂಗೆ? ಮೊದ್ಲು ತೋರ್ಸು."

"ಭಾವ ಒಪ್ಪೂದಿಲ್ಲ. ಮನೆ ವಿಷಯ ಹೊರಗೆ ಹೋಗೂಕಿಲ್ಲ, ರೇಖಾಳ ಮದುವೆ ಆಗ್ಬೇಕು ಅಂತಾರೆ."

"ಹಾಂಗಾರೆ ಭಾವ ಬಂದು ಇಲ್ಲಿ ಕೂತ್ಕಂಡು ಕಾಯ್ತಾರಾ?" ವನಮಾಲಾ ಚಿಲಕದ ಕಡೆ ನೋಡಿದಳು. "ಇದು ಒಂದು ಬಾಗಿಲಿಗೆ ಹಾಕಿದ್ದಲ್ಲ. ಒಳಗೆ ಆಕೆ, ಹೊರಗೆ ನೀನು. ಇಬ್ಬರೂ ಸೆರೆಯಲ್ಲೇ ಇದ್ದೀರಿ."

ಮಂಗಲಾ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದಳು. ಭಾವನಿಗೆ ನಿಜ ಹೇಳಲಿಲ್ಲ, ರಕ್ತದೊತ್ತಡ ನೋಡಿಸಲು ಎಂದಳು. ಡಾಕ್ಟರು ರಕ್ತ ತೆಗೆಸಿದರು, ಗಡಿಯಾರದ ಚಿತ್ರ ಬರೆಯಲು ಹೇಳಿದರು, ಇವತ್ತು ಯಾವ ವಾರ ಎಂದು ಕೇಳಿದರು. ನಾಗಿ ಗಡಿಯಾರದ ಬದಲು ಒಂದು ಗೆರೆ ಎಳೆದಳು, ಉದ್ದಕ್ಕೆ, ಅಲೆಯ ಹಾಗೆ. ಅದು ಮರೆವಿನ ಕಾಯಿಲೆಯೇ ಎಂದಾಯಿತು. ಡಾಕ್ಟರು ಕೊಟ್ಟ ಗುಳಿಗೆ ಒಂದೆರಡು. ಹೇಳಿದ ಮಾತು ಹೆಚ್ಚು. ಎದುರು ವಾದಿಸಬೇಡಿ. ಒಬ್ಬರೇ ಎಲ್ಲ ಹೊರಬೇಡಿ. ಕೂಡಿಹಾಕಿದರೆ ಹೆದರಿಕೆ ಹೆಚ್ಚುತ್ತದೆ, ಕಾಯಿಲೆಯೂ ಹೆಚ್ಚಿದಂತೆ ಕಾಣುತ್ತದೆ. ಆಕೆ ಹೊರಡುವ ಹೊತ್ತು ಯಾವುದು ಎಂದು ಗಮನಿಸಿ. ಸುಮ್ಮನೆ ಯಾರೂ ಹೊರಡುವುದಿಲ್ಲ, ಏನೋ ಕಾರಣ ಇರುತ್ತದೆ.

ಆ ಕಾರಣ ಹುಡುಕಿದವಳು ಮಂಗಲಾ.

ಆಕೆ ಕುಮಟಾ ಪೇಟೆಯಲ್ಲಿ ಬೆಳೆದವಳು. ಹೊಳೆಯ ಲೆಕ್ಕ ಆಕೆಗೆ ಗೊತ್ತಿರಲಿಲ್ಲ. ಮದುವೆಯಾಗಿ ಬರುವ ಹೊತ್ತಿಗೆ ಕೇರಿಯ ಹೆಂಗಸರು ಹೊಳೆಯ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವುದನ್ನು ಬಿಟ್ಟು ಗೇರುಬೀಜದ ಕಾರ್ಖಾನೆಗೂ ಅಂಗಡಿಗಳಿಗೂ ಹೋಗತೊಡಗಿದ್ದರು. ಎಲ್ಲರೂ ಗಡಿಯಾರ ನೋಡಿ ಏಳುವವರು, ಬಸ್ಸಿನ ಹೊತ್ತಿಗೆ ಓಡುವವರು. ಚಿಲಕ ಹಾಕದೆ, ಬಾಗಿಲಿಗೆ ಅಡ್ಡ ಕುಳಿತು ಮಂಗಲಾ ಅತ್ತೆಯನ್ನು ನೋಡತೊಡಗಿದಳು. ನಿನ್ನೆಗಿಂತ ಇವತ್ತು ಸ್ವಲ್ಪ ತಡ. ಇವತ್ತಿಗಿಂತ ನಾಳೆ ಇನ್ನೂ ಸ್ವಲ್ಪ ತಡ. ಏಳುವ ಮೊದಲು ಅತ್ತೆ ಮೂಗು ಅರಳಿಸುತ್ತಾಳೆ. ಕಿಟಕಿಯ ಕಡೆ ತಿರುಗುತ್ತಾಳೆ.

ಒಂದು ಮಧ್ಯಾಹ್ನ ಮಂಗಲಾಳೂ ಮೂಗು ಅರಳಿಸಿದಳು. ಹಸಿ ಕೆಸರಿನ, ಉಪ್ಪಿನ, ಬೆಚ್ಚಗಿನ ವಾಸನೆ. ಕಿಟಕಿಯಲ್ಲಿ ಇಣುಕಿದಳು. ಹೊಳೆ ಹಿಂದೆ ಸರಿದಿತ್ತು. ಬೆಳಿಗ್ಗೆ ನೀರಿದ್ದ ಕಡೆ ಕೆಸರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಬೆಳ್ಳಕ್ಕಿಗಳು ಇಳಿಯುತ್ತಿದ್ದವು.

ಮಂಗಲಾ ಓಡಿಹೋಗಿ ದೇವಕಿಯ ಬೇಲಿ ಹಿಡಿದಳು. "ದೇವಕಕ್ಕಾ, ನೀರಿಳಿದಾಗ ಹಿಂದೆ ನೀವೆಲ್ಲ ಎಂತ ಮಾಡ್ತಿದ್ರಿ?"

"ಎಂತ ಮಾಡೂದು? ಬಳಚಿಗೆ ಹೋತಿದ್ರು. ನೀರಿಳಿದದ್ದು ಮೊದ್ಲು ಕಂಡವ್ರು ಕೇರಿಯವ್ರನ್ನೆಲ್ಲ ಕರೀಬೇಕು, ಒಬ್ಬಳೇ ಇಳೂಕಿಲ್ಲ. ಕರದ ಕೂಡ್ಲೇ ಒಳಗಿದ್ದವ್ರು ಓ ಅನ್ಬೇಕು. ಓ ಅನ್ನದಿದ್ರೆ ಮುಂದಿನ ಮನೆಗೆ ಹೋಗೂ ಹಾಂಗಿಲ್ಲ, ಅಲ್ಲೇ ನಿಂತಿರ್ಬೇಕು. ಯಾರನ್ನೂ ಬಿಟ್ಟು ಹೋಗೂ ಹಾಂಗಿಲ್ಲ ಅಂತ." ದೇವಕಿ ಅಷ್ಟು ಹೇಳಿ ನಿಲ್ಲಿಸಿದಳು. ಕೈಯಲ್ಲಿದ್ದ ತೆಂಗಿನ ಗರಿ ಜಾರಿತು. "ನಾಗತ್ತೆಯೇ ಕರೆಯೂ ಕೆಲಸ ಮಾಡ್ತಿದ್ದಳು. ಎಲ್ಲರಿಗಿಂತ ಮೊದ್ಲು ಆಕೆಗೇ ವಾಸನೆ ಬತ್ತಿತ್ತು..."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕೇರಿಯ ಅಷ್ಟು ಮನೆಗಳಲ್ಲಿ ಅಷ್ಟು ಗಡಿಯಾರ ಇದ್ದವು. ಮುದುಕಿ ಯಾವ ಹೊತ್ತಿಗೆ ಏಳುತ್ತಾಳೆಂದು ಅವುಗಳಲ್ಲಿ ಒಂದೂ ಹೇಳಿರಲಿಲ್ಲ. ಆಕೆ ಸತ್ತವರನ್ನು ಎಬ್ಬಿಸಲು ಬಂದಿರಲಿಲ್ಲ. ಗೆಳತಿಯರನ್ನು ಬಿಟ್ಟು ಹೋಗಲಾಗದೆ ಬೇಲಿಯ ಬಳಿ ನಿಂತಿದ್ದಳು.

ಅಷ್ಟರಲ್ಲಿ ನಾಗಿ ಬಂದಳು. ಸೀರೆ ಮೇಲೆ ಕಟ್ಟಿದ್ದಳು. ದೇವಕಿಯ ಬೇಲಿಯ ಬಳಿ ನಿಂತು, ಎಂದಿನ ಹಾಗೆ, "ಲಕ್ಕೀ... ನೀರಿಳೀತು, ಬಾರೇ!" ಎಂದಳು.

ಮೌನ. ಅದೇ ಅಳತೆಯ ಮೌನ. ನಾಗಿ ಕಿವಿ ಕೊಟ್ಟು ನಿಂತಳು.

"ಓ... ಬಂದೇ!" ಎಂದಳು ಮಂಗಲಾ.

ನಾಗಿಯ ಮುಖ ನಿಧಾನವಾಗಿ ಅರಳಿತು. ಆಕೆ ಮಂಗಲಾಳನ್ನು ನೋಡಿ, "ಎಷ್ಟು ಹೊತ್ತೇ ನಿಂಗೆ! ಗಂಡನ ಮೋರೆ ನೋಡ್ತಾ ಕೂತಿದ್ಯಾ?" ಎಂದು ಗದರಿಸಿದಳು. ಮುಂದಿನ ಬೇಲಿಗೆ ನಡೆದು ಗಂಗಿಯನ್ನು ಕರೆದಳು. ಈ ಸಲ ಓ ಅಂದವಳು ದೇವಕಿ.

ಮೂವರೂ ಹೊಳೆಗೆ ಇಳಿದರು. ಮೊಣಕಾಲಿನ ಆಚೆಗೆ ಬಿಡಲಿಲ್ಲ. ಒಂದು ಕೈ ಮಂಗಲಾ ಹಿಡಿದಿದ್ದಳು, ಇನ್ನೊಂದು ದೇವಕಿ. ನೀರು ಬೆಚ್ಚಗಿತ್ತು. ಆಕಾಶ ಮೇಲೆಯೂ ಇತ್ತು, ಕೆಳಗೂ ಇತ್ತು. ನಾಗಿಯ ಪಾದ ಕೆಸರಿನೊಳಗೆ ಮೆಲ್ಲಗೆ ತಡಕಿತು, ನಿಂತಿತು, ಕಾಲ್ಬೆರಳು ಮಡಚಿತು. ಬಗ್ಗಿ ಎತ್ತಿದಳು. ಅಂಗೈಯಲ್ಲಿ ಒಂದು ಬಳಚು, ಬಾಯಿ ಬಿಗಿದುಕೊಂಡು ಹೊಳೆಯುತ್ತಿತ್ತು. ಮಗನ ಹೆಸರು ಮರೆತವಳ ಕಾಲು ಹೊಳೆಯ ತಳವನ್ನು ಮರೆತಿರಲಿಲ್ಲ.

"ಸಣ್ಣದನ್ನ ಬಿಡ್ಬೇಕು," ಎಂದು ನಾಗಿ ಮಂಗಲಾಳ ಕೈಯಿಂದ ಒಂದನ್ನು ಕಿತ್ತು ನೀರಿಗೆ ಎಸೆದಳು. "ಅದಕ್ಕೆ ಇನ್ನೂ ಬೆಳೂದದೆ. ಎಷ್ಟು ಸಲ ಹೇಳೂದು ನಿಂಗೆ?"

ಸಂಜೆ ಬಳಚಿನ ಸುಕ್ಕ ಮಾಡಿದರು. ನಾಗಿ ಊಟ ಮಾಡಿದ್ದನ್ನು ಮರೆತು ಮತ್ತೊಮ್ಮೆ ಕೇಳಿದಳು. ಮಂಗಲಾ ವಾದಿಸಲಿಲ್ಲ, ಇನ್ನೊಂದು ತುತ್ತು ಹಾಕಿದಳು. ರೇಖಾ ಬಂದವಳು ಇದನ್ನೆಲ್ಲ ಕೇಳಿ, ಚಪ್ಪಲಿಯನ್ನೂ ಬಿಚ್ಚದೆ ನರೇಶನಿಗೆ ಫೋನ್ ಮಾಡಿದಳು. "ಹಾಡಿನ ಕೊನೆ ಸಿಕ್ತು. ಕರೆ ಅಲ್ಲಿಗೇ ನಿಲ್ಲೂದಲ್ಲ. ಕೇಳಿದವರೆಲ್ಲ ಓ ಬಂದೇ ಅನ್ಬೇಕು."

ಮಂಗಲಾಳಿಗೆ ಮೊದಲು ಸಿಟ್ಟು ಬಂತು. "ಮನೆ ಕಥೆ ಊರಿಗೆಲ್ಲ ಹಾಡಿ ಹೇಳೂಕೆ ಹೊರಟ್ಯಾ?"

"ಅಮ್ಮ, ಮನೆಯೊಳಗೆ ಮುಚ್ಚಿಟ್ಟಾಗ ಯಾರಿಗೆ ಒಳ್ಳೇದಾಯ್ತು? ನಿಂಗಾ? ಅಜ್ಜಿಗಾ?"

ಮಂಗಲಾ ಅತ್ತೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹಾಡು ಹೊರಬಂತು. ಮುರ್ಡೇಶ್ವರದ ಮದುವೆ ಮಂಟಪದಲ್ಲಿ ಕೇಳಿಸಿತು, ಭಟ್ಕಳದ ಆಟೋಗಳಲ್ಲಿ ಕೇಳಿಸಿತು, ಕುಮಟಾದ ಕಾಲೇಜು ಹುಡುಗಿಯರ ಫೋನಿನಲ್ಲಿ ರಿಂಗ್‌ಟೋನ್ ಆಯಿತು. ರೇಖಾ ಹಾಡುತ್ತಿದ್ದಳು, ಜನ "ಓ... ಬಂದೇ" ಎನ್ನುತ್ತಿದ್ದರು. ಪ್ರತಿ ಸಲ ಹಾಡುವ ಮೊದಲು ಆಕೆ ಒಂದು ಮಾತು ಹೇಳುತ್ತಿದ್ದಳು: "ಇದು ನನ್ನ ಅಜ್ಜಿಯದು. ಆಕೆಗೆ ಮರೆವಿನ ಕಾಯಿಲೆ ಅದೆ. ಎಲ್ಲಾದ್ರೂ ಕಂಡ್ರೆ ಕೈ ಹಿಡೀರಿ, ಹೆದರ್ಬೇಡಿ."

ಮಾದೇವ ಬೋಟಿನಿಂದ ಬಂದ ದಿನ ತಾಯಿ ಅವನನ್ನು "ಯಾರಾ ನೀನು?" ಎಂದು ಕೇಳಿದಳು. ಹಿಂದೆಲ್ಲ ಅವನು "ನಿನ್ನ ಮಗನೇ ಅಬ್ಬೆ, ಗೊತ್ತಾಗೂದಿಲ್ವಾ?" ಎಂದು ಕೂಗಾಡುತ್ತಿದ್ದ. ಈ ಸಲ ಮಂಗಲಾ ಕಣ್ಸನ್ನೆ ಮಾಡಿದಳು. "ನಾನು ಮಾದೇವ. ನಿಂಗೆ ಬಂಗಡೆ ತಂದವ," ಎಂದ. "ಬಂಗಡೆ ತಂದವ ಒಳ್ಳೆಯವನೇ ಇರಬೇಕು, ಕೂತ್ಕ," ಎಂದಳು ನಾಗಿ. ಮಾದೇವ ಕುಳಿತ. ಕುಳಿತವನು ಮುಖ ಒರೆಸಿಕೊಂಡ. ಅಂದಿನಿಂದ ದಡದಲ್ಲಿದ್ದ ದಿನವೆಲ್ಲ ತಾಯಿಯನ್ನು ನೋಡಿಕೊಳ್ಳುವ ಕೆಲಸ ಅವನದು. ಮಂಗಲಾ ಸಂಘದ ಸಭೆಗೆ ಹೋಗತೊಡಗಿದಳು.

ವನಮಾಲಾ ಹೇಳಿದಂತೆ ಮಂಗಲಾ ಅತ್ತೆಯ ಪ್ರತಿ ರವಿಕೆಯ ಬೆನ್ನಿನ ಅಂಚಿಗೆ ಹೆಸರು, ಫೋನ್ ನಂಬರು ಹೊಲಿದಳು. ದೇವಕಿ ನಕ್ಕಿದ್ದಳು, "ಬಸ್ಸಿನ ನಂಬರ್ ಬರೆದ ಹಾಂಗೆ ಕಾಣ್ತದೆ ಮಾರಾಯ್ತಿ!"

ಅದು ಉಪಯೋಗಕ್ಕೆ ಬಂತು. ಒಂದು ದಿನ ಗಿರಾಕಿಯ ಅಳತೆ ತೆಗೆಯುವಷ್ಟರಲ್ಲಿ ನಾಗಿ ಇರಲಿಲ್ಲ. ಮಂಗಲಾ ಹೊಳೆಗೆ ಓಡಿದಳು. ಇಳಿತದ ಲೆಕ್ಕವೂ ಈ ಸಲ ತಪ್ಪಿತ್ತು, ನೀರು ತುಂಬಿತ್ತು. ಉಬ್ಬರದ ನೀರು ದಡದ ಕಲ್ಲನ್ನು ನೆಕ್ಕುತ್ತಿತ್ತು. ಮಾದೇವ ದೋಣಿ ಇಳಿಸಿದ, ದೇವಕಿ ದಡದುದ್ದಕ್ಕೂ "ನಾಗತ್ತೇ, ನಾಗತ್ತೇ" ಎಂದು ಕೂಗುತ್ತಾ ಓಡಿದಳು. ಆ ಕರೆಗೆ ಎಲ್ಲಿಂದಲೂ ಓ ಬರಲಿಲ್ಲ. ಹಿಂದೆ ಅತ್ತೆ ಬೇಲಿಯ ಬಳಿ ಹೇಗೆ ನಿಂತಿರುತ್ತಿದ್ದಳೆಂದು ಮಂಗಲಾಳಿಗೆ ಆಗ ಅರ್ಥವಾಯಿತು.

ಆಗ ಫೋನ್ ಬಂತು. ಗುರುತಿಲ್ಲದ ಹುಡುಗಿಯ ದನಿ. "ಆಂಟೀ, ಹೊನ್ನಾವರ ಬಸ್ ಸ್ಟ್ಯಾಂಡಿಂದ ಮಾತಾಡೂದು. ನಾನು ಭಟ್ಕಳದ ಶಾಹೀನಾ, ಕಾಲೇಜಿಗೆ ಬಂದಿದ್ದೆ. ಇಲ್ಲೊಬ್ರು ಅಜ್ಜಿ ಇದ್ದಾರೆ. ಹಾಡಿನ ಅಜ್ಜಿ."

ನಾಗಿ ಪ್ಯಾಸೆಂಜರ್ ಟೆಂಪೋ ಹತ್ತಿ ಬಸ್ ನಿಲ್ದಾಣದಲ್ಲಿ ಇಳಿದಿದ್ದಳು. ಸಾಲಾಗಿ ಕುಳಿತ ಪ್ರಯಾಣಿಕರ ಎದುರು ಒಬ್ಬೊಬ್ಬರ ಮುಂದೆ ನಿಂತು ಲಕ್ಕಿಯನ್ನೂ ಗಂಗಿಯನ್ನೂ ಕರೆದಿದ್ದಳು. ಯಾರೋ ಹುಚ್ಚಿ ಎಂದು ಜನ ಕಾಲು ಹಿಂದೆ ಎಳೆದುಕೊಂಡಿದ್ದರು. ಶಾಹೀನಾಳಿಗೆ ಮಾತ್ರ ಧಾಟಿ ಗುರುತು ಸಿಕ್ಕಿತು. ಬಳಿ ಹೋಗಿ "ಓ... ಬಂದೇ" ಎಂದಳು. ಜೊತೆಗಿದ್ದ ಗೆಳತಿಯರೂ ಎಂದರು. ಬೆನ್ನಿನ ಅಂಚಿನಲ್ಲಿ ನಂಬರು ಕಂಡಿತು.

ಮಂಗಲಾ, ಮಾದೇವ ಹೋಗಿ ನೋಡಿದಾಗ ನಾಗಿ ಬೆಂಚಿನ ಮೇಲೆ ಹುಡುಗಿಯರ ನಡುವೆ ಕುಳಿತಿದ್ದಳು. ಕೈಯಲ್ಲಿ ಬಿಸ್ಕಿಟ್ಟು. ಆಕೆ ಕರೆಯುತ್ತಿದ್ದಳು, ಸುತ್ತಲಿನವರು ಓ ಎನ್ನುತ್ತಿದ್ದರು. ಕಾಲು ಎಳೆದುಕೊಂಡವರೂ ಎನ್ನುತ್ತಿದ್ದರು. ಶಿರಸಿಯ ಬಸ್ಸಿನ ಕಂಡಕ್ಟರ್ ಮೆಟ್ಟಿಲ ಮೇಲೆ ನಿಂತು, ಸೀಟಿ ಊದುವುದನ್ನು ಬಿಟ್ಟು, ತಾನೂ ಒಂದು ಸಲ ಓ ಎಂದ. ಸಂಜೆಯ ಬೆಳಕು ಇಡೀ ನಿಲ್ದಾಣವನ್ನು ಇಳಿತದ ಹೊಳೆಯ ಹಾಗೆ ಮಾಡಿತ್ತು.

ಮಾರನೆಯ ದಿನ ಜಾಲಿಯಿಂದ ಪ್ರಕಾಶ ಬಂದ. ಕೈಯಲ್ಲಿ ಬೀಗ ಇತ್ತು.

"ಬಸ್ ಸ್ಟ್ಯಾಂಡಲ್ಲಿ ಕೂತು ಊರ ಪೋರಿಯರ ಸಂಗಡ ಹಾಡಿದ್ಳಂತಲ್ಲ ನಮ್ಮ ಅಬ್ಬೆ! ಅಂಗಡಿಗೆ ಬಂದವರೆಲ್ಲ ಕೇಳ್ತಾ ಅವ್ರೆ, 'ಪ್ರಕಾಶಣ್ಣ, ಹಾಡಿನ ಅಜ್ಜಿ ನಿಮ್ಮಬ್ಬೆಯಾ' ಅಂತ. ನಾಳೆ ರೇಖಾಳ್ನ ಯಾರು ಮದುವೆ ಆತ್ರು? ಟೆಂಪೋ ಅಡಿಗೆ ಬಿದ್ದಿದ್ರೆ? ನೀರಿಗೆ ಬಿದ್ದಿದ್ರೆ?"

ಕೊನೆಯ ಮಾತಿಗೆ ಅವನ ದನಿ ಒಡೆಯಿತು. ಅವನು ಕೆಟ್ಟವನಲ್ಲ. ಹೆದರಿದವನು. ಹೆದರಿದವರು ಪ್ರೀತಿಸುವವರ ಬಾಗಿಲಿಗೇ ಮೊದಲು ಬೀಗ ತರುತ್ತಾರೆ.

"ದೊಡ್ಡಪ್ಪ, ನನ್ನ ಮದುವೆಗೆ ಅಜ್ಜಿಯೇ ಮುಂದೆ ಕೂರೂದು," ಎಂದಳು ರೇಖಾ. "ಅದನ್ನ ಬೇಡ ಅಂಬೂ ಮನೆ ನಂಗೂ ಬೇಡ."

"ನೀ ಸುಮ್ನಿರು. ಮಂಗಲಾ, ಅಬ್ಬೆಯ ಒಳಗೆ ಕಳ್ಸು. ಚಿಲಕ ಹಾಕಿ ಈ ಬೀಗ ಜಡಿ. ಇದು ನನ್ನ ಮಾತು."

ಬೀಗ ಈಗ ಮಂಗಲಾಳ ಕೈಯಲ್ಲಿದೆ. ಒಂದು ಕ್ಷಣ ಅದು ಅಲ್ಲೇ ಇರಲಿ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮನ್ನೇ ಕೇಳುತ್ತಿದ್ದೇವೆ. ನಿಮ್ಮ ಮನೆಯ ಬೀಗ ಯಾರ ಕೈಯಲ್ಲಿದೆ? ನಿಮ್ಮ ಅಜ್ಜ ಉಂಡದ್ದನ್ನು ಮರೆಯುತ್ತಾರೆಯೇ, ನಿಮ್ಮ ಅಜ್ಜಿ ಗೊತ್ತಿದ್ದ ದಾರಿಯಲ್ಲೇ ತಪ್ಪುತ್ತಾರೆಯೇ, ಮಕ್ಕಳ ಹೆಸರು ತೊಡರುತ್ತದೆಯೇ? ನೋಟ ನೋಡುವವನ ಬಳಿಗಲ್ಲ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಅವರ ಬಟ್ಟೆಯ ಮೇಲೆ ನಿಮ್ಮ ನಂಬರು ಹೊಲಿಯಿರಿ. ನೆರೆಮನೆಯವರಿಗೆ ಹೇಳಿ, ಅಂಗಡಿಯವನಿಗೆ ಹೇಳಿ, ಟೆಂಪೋದವನಿಗೆ ಹೇಳಿ. ನಾಚಿಕೆ ಪಡುವ ಸಂಗತಿ ಅದಲ್ಲ, ಕೂಡಿಹಾಕುವುದು ನಾಚಿಕೆಯ ಸಂಗತಿ. ನೋಡಿಕೊಳ್ಳುವ ಕೆಲಸವನ್ನು ಸೊಸೆಯೊಬ್ಬಳ ತಲೆಗೆ ಕಟ್ಟಿ, ದೂರದಿಂದ ಆಜ್ಞೆ ಕಳಿಸಬೇಡಿ. ಹಂಚಿಕೊಳ್ಳಿ. ಅವರು ಯಾವ ಹೊತ್ತಿಗೆ ಏಳುತ್ತಾರೆ, ಯಾರನ್ನು ಕರೆಯುತ್ತಾರೆ, ಗಮನವಿಟ್ಟು ಕೇಳಿ. ಕರೆದಾಗ ಓ ಅನ್ನಿ.

ಈಗ ಮಂಗಲಾಳ ಕಡೆ ನೋಡಿ.

ಕಿಟಕಿಯಿಂದ ಕೆಸರಿನ ವಾಸನೆ ಬಂತು. ನಾಗಿ ಮೂಗು ಅರಳಿಸಿ ಎದ್ದಳು, ಸೀರೆ ಮೇಲಕ್ಕೆ ಕಟ್ಟತೊಡಗಿದಳು. ಪ್ರಕಾಶ ಬಾಗಿಲಿಗೆ ಅಡ್ಡ ನಿಂತ.

"ಹಾಕು ಅಂದೆ."

ಮಂಗಲಾ ಬೀಗವನ್ನು ಅವನ ಕೈಗೇ ವಾಪಸು ಇಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅತ್ತೆಯ ಕೈ ಹಿಡಿದಳು.

"ನಾ ಹಾಕೂದಿಲ್ಲ ಭಾವ. ನೀರಿಳಿದದೆ. ಬರೂದಾದ್ರೆ ನೀವೂ ಬನ್ನಿ."